ಹತ್ತು ಜನ, 15 ನಿಮಿಷ: ಗ್ರೂಪ್ ಇಂಟರ್‌ವ್ಯೂನಲ್ಲಿ ನಿಜಕ್ಕೂ ಏನು ನೋಡುತ್ತಾರೆ?

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಗ್ರೂಪ್ ಡಿಸ್ಕಶನ್‌ಗೆ, ಅಂದರೆ ಜಿಡಿಗೆ, ಹತ್ತು ಜನರನ್ನು ಕೂರಿಸಿದ್ದಾರೆ. ಸಮಯ 15 ನಿಮಿಷ. ಎಲ್ಲರೂ ಸಮನಾಗಿ ಮಾತಾಡಿದರೆ ಒಬ್ಬರ ಪಾಲಿಗೆ ಬರುವುದು 90 ಸೆಕೆಂಡು. ಅಷ್ಟೇ. ಉಳಿದ 13 ನಿಮಿಷ 30 ಸೆಕೆಂಡು ನೀವು ಬೇರೆಯವರ ಮಾತು ಕೇಳುತ್ತಾ ಕೂತಿರುತ್ತೀರಿ.

ನಮ್ಮ ತಯಾರಿಯೆಲ್ಲ ಆ 90 ಸೆಕೆಂಡಿಗೆ. ಏನು ಹೇಳಬೇಕು, ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು, ಯಾವ ಅಂಕಿಅಂಶ ಬಾಯಿಪಾಠ ಮಾಡಬೇಕು ಅಂತ. ಆದರೆ ಮೂಲೆಯಲ್ಲಿ ಪೆನ್ನು ಹಿಡಿದು ಕೂತವರು ನಿಮ್ಮನ್ನು ಪೂರ್ತಿ 15 ನಿಮಿಷ ನೋಡುತ್ತಿರುತ್ತಾರೆ. ಬೇರೆಯವರು ಮಾತಾಡುವಾಗ ನೀವು ಹೇಗೆ ಕೂತಿದ್ದಿರಿ, ಯಾರ ಮಾತು ಕಿವಿಗೆ ಬಿತ್ತು, ಕೇಳಿದ್ದನ್ನು ಏನು ಮಾಡಿದಿರಿ ಅನ್ನುವುದಕ್ಕೂ ಅವರ ಹಾಳೆಯಲ್ಲಿ ಜಾಗವಿರುತ್ತದೆ.

ನಾನು ಎರಡೂ ಕಡೆಯ ಕುರ್ಚಿಯಲ್ಲಿ ಕೂತವನು. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಮೊದಲ ಜಿಡಿಯಲ್ಲಿ ನಾನು ಹೇಳಿದ್ದು ಒಂದೇ ವಾಕ್ಯ, ಅದನ್ನೂ ಯಾರೋ ಅರ್ಧಕ್ಕೇ ತುಂಡು ಮಾಡಿದರು. ಆಮೇಲೆ ಎಷ್ಟೋ ವರ್ಷಕ್ಕೆ ಕಂಪನಿಯ ಪರವಾಗಿ ಕಾಲೇಜುಗಳಿಗೆ ಹೋಗಿ ಅಂಕ ಹಾಕುವ ಕೆಲಸ ಬಂತು. ಆಗ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಸುತ್ತಿನಲ್ಲಿ ಸೋಲುವ ಮಕ್ಕಳಲ್ಲಿ ತುಂಬಾ ಜನ ದಡ್ಡರಲ್ಲ. ಅಲ್ಲಿ ಏನನ್ನು ಅಳೆಯುತ್ತಿದ್ದಾರೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ಅಂಕದ ಹಾಳೆಯಲ್ಲಿ ಏನಿರುತ್ತದೆ?

ಹಾಳೆ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಆದರೂ ನಾನು ಹಿಡಿದ ಹಾಳೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇದ್ದವು. ಎಡಗಡೆ ಅಭ್ಯರ್ಥಿಗಳ ನಂಬರು. ಮೇಲ್ಗಡೆ ನಾಲ್ಕೈದು ಕಾಲಂ: ವಿಷಯದ ತಿಳಿವಳಿಕೆ, ಸ್ಪಷ್ಟವಾಗಿ ಹೇಳುವುದು, ಕೇಳಿಸಿಕೊಳ್ಳುವುದು, ಗುಂಪಿನ ಜೊತೆ ನಡೆದುಕೊಳ್ಳುವ ರೀತಿ, ಚರ್ಚೆಯನ್ನು ಮುಂದಕ್ಕೆ ಒಯ್ಯುವುದು. ಪ್ರತಿಯೊಬ್ಬರಿಗೂ ಬೇರೆ ಬೇರೆ ಅಂಕ.

ಇದರಲ್ಲಿ ದೊಡ್ಡ ವಿಷಯ ಒಂದು ಅಡಗಿದೆ. ‘ಹತ್ತು ಜನರಲ್ಲಿ ಒಬ್ಬನೇ ಗೆಲ್ಲುವುದು’ ಅಂತ ಸಾಮಾನ್ಯವಾಗಿ ನಿಯಮ ಇರುವುದಿಲ್ಲ. ಒಂದೇ ಗುಂಪಿನಿಂದ ಐದು ಜನ ಮುಂದಿನ ಸುತ್ತಿಗೆ ಹೋಗಿದ್ದನ್ನು ನೋಡಿದ್ದೇನೆ. ಒಬ್ಬರೂ ಹೋಗದೇ ಇದ್ದದ್ದನ್ನೂ ನೋಡಿದ್ದೇನೆ. ಆ ಎರಡನೇ ಗುಂಪಿನಲ್ಲಿ ಬುದ್ಧಿವಂತರಿಗೆ ಕೊರತೆ ಇರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಆಯಿತು. ಎಲ್ಲರೂ ಒಟ್ಟಿಗೆ ಕೂಗಿದರು, ಯಾರ ಮಾತೂ ನಮಗೆ ಕೇಳಲಿಲ್ಲ. ಕೇಳದ ಮಾತಿಗೆ ಅಂಕ ಹಾಕುವುದು ಹೇಗೆ?

ಹಾಗಾಗಿ ಪಕ್ಕದಲ್ಲಿ ಕೂತವರು ನಿಮ್ಮ ಎದುರಾಳಿ ಅಂದುಕೊಂಡರೆ ಮೊದಲ ಹೆಜ್ಜೆಯೇ ತಪ್ಪುತ್ತದೆ. ಗುಂಪು ಚೆನ್ನಾಗಿ ನಡೆದರೆ ನಿಮಗೂ ಮಾತಾಡಲು ಜಾಗ ಸಿಗುತ್ತದೆ, ಕೆಟ್ಟರೆ ನಿಮ್ಮ ಅಂಕವೂ ಹೋಗುತ್ತದೆ.

ಈ ಪದ್ಧತಿ ಬಂದದ್ದು ಸೇನೆಯಿಂದ

ನಾಯಕನಿಲ್ಲದ ಗುಂಪಿಗೆ ಒಂದು ಕೆಲಸ ಕೊಟ್ಟು ದೂರ ನಿಂತು ನೋಡುವ ಈ ಪದ್ಧತಿ ಚೆನ್ನಾಗಿ ಬೇರೂರಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. 1942ರಲ್ಲಿ ಬ್ರಿಟನ್ನಿನ ಸೇನೆ ಅಧಿಕಾರಿಗಳನ್ನು ಆರಿಸಲು ಹೊಸ ಆಯ್ಕೆ ಮಂಡಳಿಗಳನ್ನು ಮಾಡಿತು. ಅಲ್ಲಿ ಕೆಲಸ ಮಾಡಿದ ಮನೋವೈದ್ಯ ವಿಲ್ಫ್ರೆಡ್ ಬಯಾನ್ ಒಂದು ಸರಳವಾದ ಉಪಾಯ ಹೂಡಿದರು. ಕೆಲಸ ಹೇಳಿ, ಆದರೆ ಯಾರು ಮುಂದಾಳು ಅಂತ ಹೇಳಬೇಡಿ. ಆಗ ಪ್ರತಿಯೊಬ್ಬನ ಮನಸ್ಸಿನಲ್ಲೂ ಎಳೆದಾಟ ಶುರುವಾಗುತ್ತದೆ. ‘ನಾನು ಆಯ್ಕೆ ಆಗಬೇಕು’ ಅನ್ನುವುದು ಒಂದು ಕಡೆ. ‘ಗುಂಪಿನ ಕೆಲಸ ಮುಗಿಯಬೇಕು, ಅದಕ್ಕೆ ಇವರೆಲ್ಲ ಬೇಕು’ ಅನ್ನುವುದು ಇನ್ನೊಂದು ಕಡೆ. ಒತ್ತಡ ಬಿದ್ದಾಗ ಮನುಷ್ಯ ಯಾವ ಕಡೆ ವಾಲುತ್ತಾನೆ ಅನ್ನುವುದೇ ನೋಡಬೇಕಾದದ್ದು.

ಇವತ್ತಿನ ಜಿಡಿಯ ತಿರುಳೂ ಇದೇ. ಟಾಪಿಕ್ ಒಂದು ನೆಪ. ‘ಸೋಷಿಯಲ್ ಮೀಡಿಯಾ ಒಳ್ಳೆಯದಾ ಕೆಟ್ಟದ್ದಾ’ ಅಂತ ಕೇಳಿದ ಕಂಪನಿಗೆ ನಿಮ್ಮಿಂದ ಅದರ ಉತ್ತರ ಬೇಕಾಗಿಲ್ಲ. ನಾಳೆ ಒಂದು ಟೀಮಿನಲ್ಲಿ ಕೂರಿಸಿದರೆ ಇವರಿಂದ ಆ ಟೀಮಿಗೆ ಅನುಕೂಲವಾ, ತೊಂದರೆಯಾ ಅನ್ನುವುದು ಅವರಿಗೆ ಬೇಕು.

ಹಾಗಾದರೆ ಸುಮ್ನೆ ನಗುತ್ತಾ ತಲೆಯಾಡಿಸಿಕೊಂಡು ಕೂತರೆ ಸಾಕಾ? ಸಾಲದು. ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. 2009ರಲ್ಲಿ ಕ್ಯಾಮರೂನ್ ಆಂಡರ್ಸನ್ ಮತ್ತು ಗ್ಯಾವಿನ್ ಕಿಲ್ಡಫ್ ಎಂಬ ಸಂಶೋಧಕರು ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗುಂಪುಗಳಿಗೆ ಗಣಿತದ ಲೆಕ್ಕ ಕೊಟ್ಟು ಬಿಡಿಸಲು ಹೇಳಿದ್ದರು. ಮುನ್ನುಗ್ಗಿ ಮಾತಾಡುವವರನ್ನೇ ಉಳಿದವರು ಹೆಚ್ಚು ಸಮರ್ಥರು ಅಂತ ಎಣಿಸಿದರು. ಲೆಕ್ಕದಲ್ಲಿ ನೋಡಿದರೆ ಅವರು ಉಳಿದವರಿಗಿಂತ ಹೆಚ್ಚು ಸಮರ್ಥರಾಗಿರಲಿಲ್ಲ. ನೂರಕ್ಕೆ 94 ಸಲ ಗುಂಪು ಕೊನೆಗೆ ಒಪ್ಪಿಕೊಂಡದ್ದು ಮೊದಲು ಯಾರೋ ಹೇಳಿದ ಉತ್ತರವನ್ನೇ.

ಅಂದರೆ ಬಾಯಿ ಬಿಡದವರ ಸಾಮರ್ಥ್ಯ ಯಾರಿಗೂ ಕಾಣುವುದಿಲ್ಲ. ಇದು ನ್ಯಾಯವಲ್ಲ, ಆದರೆ ಇರುವುದು ಹೀಗೆ. ಒಳ್ಳೆಯ ತರಬೇತಿ ಇರುವ ಪರೀಕ್ಷಕರು ಇದನ್ನು ತಿಳಿದು ಎಚ್ಚರ ವಹಿಸುತ್ತಾರೆ. ಎಲ್ಲರೂ ಹಾಗೆ ಇರುತ್ತಾರೆ ಅಂತ ನಾನು ಹೇಳಲಾರೆ. ಆದ್ದರಿಂದ ಎಷ್ಟೇ ಸಂಕೋಚ ಇದ್ದರೂ ಮೊದಲ ನಾಲ್ಕೈದು ನಿಮಿಷದೊಳಗೆ ಒಂದು ಸಲವಾದರೂ ನಿಮ್ಮ ದನಿ ಕೇಳಿಸಬೇಕು. ಸಣ್ಣ ವಾಕ್ಯವಾದರೂ ಪರವಾಗಿಲ್ಲ. ಹೊತ್ತಾದಷ್ಟೂ ಗಂಟಲು ಇನ್ನಷ್ಟು ಕಟ್ಟುತ್ತದೆ, ಅದನ್ನು ನಾನು ಅನುಭವಿಸಿದ್ದೇನೆ.

ಒಂದು ಜಿಡಿಯನ್ನು ಒಳಗಿಂದ ನೋಡೋಣ

ಟಾಪಿಕ್: ಐಟಿ ಕಂಪನಿಗಳು ಬೆಂಗಳೂರು ಬಿಟ್ಟು ಬೇರೆ ಊರುಗಳಿಗೆ ಹೋಗಬೇಕಾ? ಯೋಚಿಸಲು ಎರಡು ನಿಮಿಷ. ಕೈಯಲ್ಲಿ ಒಂದು ಹಾಳೆ, ಒಂದು ಪೆನ್ನು.

ಹೆಚ್ಚಿನವರು ಹಾಳೆಯ ಮೇಲೆ ಒಂದು ಗೀಟು ಎಳೆದು ಒಂದು ಕಡೆ ‘ಹೌದು’, ಇನ್ನೊಂದು ಕಡೆ ‘ಇಲ್ಲ’ ಅಂತ ಬರೆಯುತ್ತಾರೆ. ಹಾಗೆ ಮಾಡಿದರೆ ಹತ್ತೂ ಜನರಿಗೆ ಅವೇ ಮೂರು ಪಾಯಿಂಟ್ ಹೊಳೆಯುತ್ತವೆ: ಟ್ರಾಫಿಕ್, ಬಾಡಿಗೆ, ಟ್ಯಾಲೆಂಟ್. ಬದಲಿಗೆ ಈ ವಿಷಯ ಯಾರಿಗೆಲ್ಲ ತಾಕುತ್ತದೆ ಅಂತ ಬರೆಯಿರಿ. ಕಂಪನಿ, ಕೆಲಸಗಾರ, ಹೋಗುವ ಊರು, ಬೆಂಗಳೂರು, ಸರ್ಕಾರ. ಒಬ್ಬೊಬ್ಬರ ಜಾಗದಲ್ಲಿ ನಿಂತು ನೋಡಿ. ಕೆಲಸಗಾರ ಅಂತ ಬರೆದ ಕೂಡಲೇ ಹೊಳೆಯುತ್ತದೆ: ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಒಬ್ಬರ ಆಫೀಸು ಹುಬ್ಬಳ್ಳಿಗೆ ಹೋದರೆ ಇನ್ನೊಬ್ಬರ ಕೆಲಸ ಏನಾಗಬೇಕು? ಬೆಂಗಳೂರು ಅಂತ ಬರೆದರೆ ನೀರು ನೆನಪಾಗುತ್ತದೆ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಅದೂ ತಗ್ಗಿನಿಂದ ಮೇಲಕ್ಕೆ ಪಂಪ್ ಆಗಿ ಬರುತ್ತದೆ. 2024ರ ಬೇಸಿಗೆಯಲ್ಲಿ ಊರು ನೀರಿಗೆ ಪಟ್ಟ ಪಾಡು ಎಲ್ಲರಿಗೂ ಗೊತ್ತು. ಸರ್ಕಾರ ಅಂದರೆ ‘ಬಿಯಾಂಡ್ ಬೆಂಗಳೂರು’ ಅಂತ ಕರ್ನಾಟಕ ಈಗಾಗಲೇ ಮಾಡುತ್ತಿರುವ ಪ್ರಯತ್ನ. ಕಂಪನಿ ಅಂದರೆ ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಇನ್ಫೋಸಿಸ್ ಕ್ಯಾಂಪಸ್ ಕಟ್ಟಿರುವುದು. ಎರಡು ನಿಮಿಷದಲ್ಲಿ ಇಷ್ಟು ಬಂದರೆ 90 ಸೆಕೆಂಡಿಗೆ ಬೇಕಾದಷ್ಟಾಯಿತು.

ಸಮಯ ಶುರು. ನಂಬರ್ 2 ಧಡಕ್ಕನೆ ಆರಂಭಿಸುತ್ತಾನೆ: ಬೆಂಗಳೂರಲ್ಲಿ ಟ್ರಾಫಿಕ್ ಜಾಸ್ತಿ, ಹೋಗಲೇಬೇಕು. ನಂಬರ್ 9: ಇಲ್ಲ, ಟ್ಯಾಲೆಂಟ್ ಎಲ್ಲ ಇಲ್ಲೇ ಇದೆ. ನಂಬರ್ 4: ಹೌದು, ಬಾಡಿಗೆ ಜಾಸ್ತಿ. ನಂಬರ್ 1: ಇಲ್ಲ, ಏರ್‌ಪೋರ್ಟ್ ಬೇಕು. ನಾಲ್ಕು ನಿಮಿಷ ಹೌದು, ಇಲ್ಲ ಅಂತಲೇ ಕಳೆಯುತ್ತದೆ. ನಾನು ನೋಡಿದ ಜಿಡಿಗಳಲ್ಲಿ ಬಹುಪಾಲು ಇಲ್ಲೇ ಸಿಕ್ಕಿಕೊಂಡು ಇಲ್ಲೇ ಮುಗಿದವು.

ನೀವು ಬಾಯಿ ಹಾಕಬೇಕಾದ ಜಾಗ ಇದು. ‘ಒಂದು ವಿಷಯ ಕೇಳಬಹುದಾ? ಇಡೀ ಕಂಪನಿ ಬೆಂಗಳೂರು ಬಿಡಬೇಕು ಅಂತ ಮಾತಾಡ್ತಿದ್ದೀವಾ, ಹೊಸ ಆಫೀಸನ್ನು ಬೇರೆ ಊರಲ್ಲಿ ತೆರೀಬೇಕು ಅಂತಾನಾ? ಎರಡನೆಯದಾದರೆ ನಂಬರ್ 2, ನಂಬರ್ 9 ಇಬ್ಬರೂ ಹೇಳಿದ್ದು ಸರಿಯಾಗಬಹುದು.’ ಇದಕ್ಕೆ 15 ಸೆಕೆಂಡು ಸಾಕು. ಹೊಸ ಅಂಕಿಅಂಶ ಇಲ್ಲ, ಭಾರೀ ಇಂಗ್ಲಿಷೂ ಬೇಕಿಲ್ಲ. ಆದರೆ ಸಿಕ್ಕಿಕೊಂಡಿದ್ದ ಗಾಡಿ ಹೊರಟಿತು. ಅದೇ ಕ್ಷಣಕ್ಕೆ ಮೂಲೆಯಲ್ಲಿ ಪೆನ್ನು ಅಲ್ಲಾಡುತ್ತದೆ.

ಎರಡನೇ ಸಲ ಮಾತಾಡುವಾಗ ನಿಮ್ಮದೇ ಪಾಯಿಂಟ್ ಇಡಿ. ಗಂಡ ಹೆಂಡತಿಯ ಕೆಲಸದ ವಿಷಯ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅದನ್ನು ಇನ್ನೊಬ್ಬರ ಮಾತಿಗೆ ಗಂಟು ಹಾಕಿ: ‘ಬಾಡಿಗೆ ಉಳಿಯುತ್ತದೆ ಅಂತ ನಂಬರ್ 4 ಹೇಳಿದರು. ಆದರೆ ಮನೆಯಲ್ಲಿ ಒಂದು ಸಂಬಳ ನಿಂತುಹೋದರೆ ಆ ಉಳಿತಾಯ ಅದಕ್ಕೇ ಹೋಯಿತಲ್ವಾ?’ ನೀವು ನಂಬರ್ 4ರ ಮಾತು ಒಪ್ಪಲಿಲ್ಲ. ಆದರೆ ಅವರ ಮಾತು ಕೇಳಿಸಿಕೊಂಡಿದ್ದೀರಿ ಅನ್ನುವುದು ಎಲ್ಲರಿಗೂ ಗೊತ್ತಾಯಿತು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಅದು ಇಲ್ಲಿ ಅಂಕವಾಗಿ ಬರುತ್ತದೆ. ನಂಬರಿನ ಬದಲು ಹೆಸರು ಹೇಳುವ ಅವಕಾಶ ಇದ್ದರೆ ಹೆಸರೇ ಹೇಳಿ. ಪರಿಚಯ ಮಾಡಿಕೊಳ್ಳುವಾಗ ಹಾಳೆಯ ಮೇಲೆ ಎಲ್ಲರೂ ಕೂತ ಕ್ರಮದಲ್ಲೇ ಹೆಸರು ಬರೆದುಕೊಂಡರೆ ತಡಕಾಡುವುದು ತಪ್ಪುತ್ತದೆ.

ಮಾತಾಡದೇ ಕೂತವರನ್ನು ಮಾತಿಗೆಳೆದರೆ ಅಂಕ ಬರುತ್ತದೆ ಅಂತ ಕೋಚಿಂಗ್‌ಗಳಲ್ಲಿ ಹೇಳಿಕೊಡುತ್ತಾರೆ. ಅದನ್ನು ನಂಬಿ ಕೆಲವರು ‘ನಂಬರ್ 7, ನೀವು ಏನೂ ಮಾತಾಡಿಲ್ಲ, ಏನಾದರೂ ಹೇಳಿ’ ಅನ್ನುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ಮೊದಲೇ ಹೆದರಿರುವ ಆ ಹುಡುಗಿಯ ಮೌನವನ್ನು ಎಲ್ಲರೆದುರು ಎತ್ತಿ ತೋರಿಸಿದ ಹಾಗಾಯಿತು. ನೋಡುತ್ತಿರುವವರಿಗೂ ಅದು ಅಂಕಕ್ಕಾಗಿ ಮಾಡಿದ್ದು ಅಂತ ತಿಳಿಯುತ್ತದೆ. ಬೇರೆ ದಾರಿ ಇದೆ. ಅವಳು ಎರಡು ಸಲ ಬಾಯಿ ತೆರೆದಿದ್ದಳು, ಇಬ್ಬರು ಅಡ್ಡ ಬಂದರು ಅನ್ನುವುದನ್ನು ನೀವು ಗಮನಿಸಿದ್ದರೆ ಹೀಗೆ ಹೇಳಿ: ‘ನೀರಿನ ವಿಷಯ ಬಂದಾಗ ನಂಬರ್ 7 ಏನೋ ಹೇಳೋಕೆ ಹೊರಟಿದ್ದರು, ಅದನ್ನ ಮುಗಿಸಲಿ.’ ಇದರಲ್ಲಿ ಮರ್ಯಾದೆ ಇದೆ. ಇದನ್ನು ನಟಿಸಲು ಆಗುವುದಿಲ್ಲ, ನಿಜವಾಗಿ ನೋಡುತ್ತಾ ಇದ್ದವರಿಗೆ ಮಾತ್ರ ಸಾಧ್ಯ.

ಕೊನೆಯ ಎರಡು ನಿಮಿಷ. ಒಟ್ಟು ಮಾಡಿ ಹೇಳುವ ಅವಕಾಶ ಸಿಕ್ಕರೆ ನಿಮ್ಮ ಅಭಿಪ್ರಾಯವನ್ನೇ ಗುಂಪಿನ ಅಭಿಪ್ರಾಯ ಅಂತ ದಾಟಿಸಬೇಡಿ. ಎಲ್ಲಿ ಒಪ್ಪಿದ್ದೇವೆ, ಎಲ್ಲಿ ಒಪ್ಪಿಲ್ಲ, ಎರಡನ್ನೂ ಹೇಳಿ. ‘ಹೊಸ ಆಫೀಸುಗಳು ಬೇರೆ ಊರಿಗೆ ಹೋಗಲಿ ಅನ್ನುವುದಕ್ಕೆ ಹೆಚ್ಚಿನವರ ಒಪ್ಪಿಗೆ ಇದೆ. ಕುಟುಂಬದ ಎರಡನೇ ಕೆಲಸ ಏನಾಗುತ್ತದೆ ಅನ್ನುವುದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.’ ಇಷ್ಟು ಸಾಕು. ಒಮ್ಮತ ಆಗದಿದ್ದರೆ ಆಗಲಿಲ್ಲ ಅಂತ ಹೇಳುವುದು ತಪ್ಪಲ್ಲ.

ಮೊದಲು ಮಾತಾಡುವವರಿಗೆ ಹೆಚ್ಚು ಅಂಕ ಅನ್ನುವ ನಂಬಿಕೆಯ ಬಗ್ಗೆ ಒಂದು ಮಾತು. ಮೊದಲ ಮಾತು ಎಲ್ಲರ ನೆನಪಿನಲ್ಲಿ ಉಳಿಯುತ್ತದೆ, ನಿಜ. ಕೆಟ್ಟದಾಗಿದ್ದರೂ ಅಷ್ಟೇ ಚೆನ್ನಾಗಿ ಉಳಿಯುತ್ತದೆ. ವಿಷಯವನ್ನು ಬಿಡಿಸಿ ಇಡಬಲ್ಲೆ ಅನ್ನಿಸಿದರೆ ಮಾತ್ರ ಮೊದಲು ಶುರು ಮಾಡಿ. ಇಲ್ಲದಿದ್ದರೆ ಮೂರನೆಯವರಾಗಿ ಬನ್ನಿ, ಏನೂ ನಷ್ಟವಿಲ್ಲ.

ಸುಳ್ಳು ಅಂಕಿಅಂಶ ಬೇಡವೇ ಬೇಡ. ‘ನೂರಕ್ಕೆ 73 ಜನ ಹೀಗೆ ಹೇಳುತ್ತಾರೆ’ ಅಂತ ಬಾಯಿಗೆ ಬಂದ ಸಂಖ್ಯೆ ಎಸೆದ ಹುಡುಗನನ್ನು ‘ಎಲ್ಲಿ ಓದಿದ್ದು?’ ಅಂತ ನಾವು ಕೇಳಿದ್ದೇವೆ. ಆಮೇಲೆ ಅವನು ಹೇಳಿದ ನಿಜವನ್ನೂ ನಂಬುವುದು ಕಷ್ಟವಾಯಿತು. ಸಂಖ್ಯೆ ಗೊತ್ತಿಲ್ಲದಿದ್ದರೆ ಕಂಡದ್ದನ್ನು ಹೇಳಿ. ಹಳ್ಳಿಯಿಂದ, ಸಣ್ಣ ಊರಿನಿಂದ ಬಂದವರ ದೊಡ್ಡ ಆಸ್ತಿ ಇದೇ. ನಿಮ್ಮ ಅಕ್ಕ ತಾಲೂಕು ಕೇಂದ್ರದಿಂದ ದಿನಾ ಎರಡು ಬಸ್ ಬದಲಾಯಿಸಿ ಕೆಲಸಕ್ಕೆ ಹೋಗಿಬರುತ್ತಿದ್ದರೆ, ಊರಿನಲ್ಲಿ ಕರೆಂಟು ಹೋದ ದಿನ ನಿಮ್ಮ ಅಣ್ಣನ ವರ್ಕ್ ಫ್ರಮ್ ಹೋಮ್ ಏನಾಗುತ್ತದೆ ಅಂತ ನೋಡಿದ್ದರೆ, ಅದು ಆ ಕೋಣೆಯಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ ಮಾಹಿತಿ. ಅದನ್ನು ಸಣ್ಣದು ಅಂದುಕೊಂಡು ನುಂಗಿಕೊಳ್ಳಬೇಡಿ.

ಇಂಗ್ಲಿಷಿನ ಭಯ

ನನಗೆ ಅತ್ಯಂತ ಜಾಸ್ತಿ ಬರುವ ಪ್ರಶ್ನೆ ಇದು. ‘ಸರ್, ಪಾಯಿಂಟ್ ತಲೆಯಲ್ಲಿ ಇರುತ್ತೆ, ಇಂಗ್ಲಿಷ್ ಬಾಯಿಗೆ ಬರಲ್ಲ.’

ಮೊದಲು ಪ್ರಾಮಾಣಿಕವಾಗಿ ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ. ಕಾಲ್ ಸೆಂಟರ್‌ನ ವಾಯ್ಸ್ ಕೆಲಸ, ಹೊರದೇಶದ ಗ್ರಾಹಕರ ಜೊತೆ ಮಾತಾಡುವ ಕೆಲಸಗಳಲ್ಲಿ ಇಂಗ್ಲಿಷೇ ಕೆಲಸ. ಅಲ್ಲಿ ಭಾಷೆಗೆ ನೇರವಾಗಿ ಅಂಕ ಇರುತ್ತದೆ, ಬೇರೆ ದಾರಿಯಿಲ್ಲ. ಉಳಿದ ಕಡೆ, ಅದರಲ್ಲೂ ಇಂಜಿನಿಯರಿಂಗ್, ಅಕೌಂಟ್ಸ್, ಸೇಲ್ಸ್ ಕೆಲಸಗಳಲ್ಲಿ, ನಾವು ನೋಡುತ್ತಿದ್ದದ್ದು ‘ಹೇಳಿದ್ದು ಅರ್ಥ ಆಯಿತಾ’ ಅನ್ನುವುದನ್ನು. ಉಚ್ಚಾರಣೆಯಲ್ಲಿ ಊರಿನ ವಾಸನೆ ಇದ್ದರೆ ಇರಲಿ. ಒಂದು ‘ದಿ’, ಒಂದು ‘ಆನ್’ ತಪ್ಪಿದ್ದಕ್ಕೆ ಯಾರನ್ನೂ ಹೊರಗೆ ಹಾಕಿದ ನೆನಪು ನನಗಿಲ್ಲ. ಉದ್ದ ವಾಕ್ಯ ಶುರು ಮಾಡಿ, ಮಧ್ಯದಲ್ಲಿ ದಾರಿ ತಪ್ಪಿ, ಏನು ಹೇಳಲು ಹೊರಟಿದ್ದರು ಅನ್ನುವುದೇ ತಿಳಿಯದೆ ಹೋದವರು ಮಾತ್ರ ತುಂಬಾ ಜನ.

ಅದಕ್ಕೆ ಮದ್ದು ಸಣ್ಣ ವಾಕ್ಯ. ಒಂದು ವಾಕ್ಯದಲ್ಲಿ ಒಂದೇ ವಿಷಯ. ಮಾತಿನ ಬಾಗಿಲು ತೆರೆಯುವ ಏಳೆಂಟು ವಾಕ್ಯಗಳನ್ನು ಮಾತ್ರ ಬಾಯಿಗೆ ಚೆನ್ನಾಗಿ ರೂಢಿ ಮಾಡಿಕೊಳ್ಳಿ. ‘ಐ ವಾಂಟ್ ಟು ಆಡ್ ಒನ್ ಪಾಯಿಂಟ್.’ ‘ಐ ಸೀ ಇಟ್ ಡಿಫರೆಂಟ್ಲಿ.’ ‘ಕ್ಯಾನ್ ಐ ಗಿವ್ ಆನ್ ಎಕ್ಸಾಂಪಲ್?’ ‘ಲೆಟ್ ಮಿ ಫಿನಿಶ್, ಟೆನ್ ಸೆಕೆಂಡ್ಸ್.’ ಇವು ನಿದ್ದೆಗಣ್ಣಲ್ಲೂ ಬರುವಂತಿದ್ದರೆ ಆ ಎರಡು ಸೆಕೆಂಡಿನಲ್ಲಿ ಮುಂದಿನ ವಾಕ್ಯ ಕಟ್ಟಿಕೊಳ್ಳಲು ತಲೆಗೆ ಸಮಯ ಸಿಗುತ್ತದೆ. ಇನ್ನೊಂದು ವಿಷಯ. ಸ್ಥಳೀಯ ಅಂಗಡಿಗಳು, ಸಣ್ಣ ಫೈನಾನ್ಸ್ ಕಂಪನಿಗಳು ಫೀಲ್ಡ್ ಕೆಲಸಕ್ಕೆ ಆರಿಸುವಾಗ ಕನ್ನಡದಲ್ಲೇ ಚರ್ಚೆ ಮಾಡಿಸುವುದೂ ಉಂಟು. ಯಾವ ಭಾಷೆ ಅಂತ ಮೊದಲೇ ಕೇಳಿಬಿಡಿ, ತಪ್ಪಿಲ್ಲ.

ನಡುವೆ ನುಗ್ಗುವುದು, ಯಾರಾದರೂ ನುಗ್ಗಿದರೆ

ಎಲ್ಲರೂ ಮಾತಾಡುತ್ತಿರುವಾಗ ಒಳಗೆ ಹೋಗುವುದು ಹೇಗೆ? ಚಲಿಸುವ ಬಸ್ಸು ಹತ್ತುವ ಹಾಗೆ ಓಡಬೇಕಾಗಿಲ್ಲ. ಎಷ್ಟೇ ಜೋರಾಗಿ ಮಾತಾಡುವವರೂ ಒಂದು ವಾಕ್ಯ ಮುಗಿಸಿ ಉಸಿರು ತೆಗೆದುಕೊಳ್ಳುತ್ತಾರೆ. ಬಾಗಿಲು ತೆರೆಯುವುದು ಅಲ್ಲೇ. ಸ್ವಲ್ಪ ಮುಂದಕ್ಕೆ ಬಾಗಿ, ಮಾತಾಡುತ್ತಿರುವವರ ಕಡೆ ನೋಡಿ, ಮೊದಲ ಮೂರು ಪದ ಮಾತ್ರ ತುಸು ಎತ್ತರದ ದನಿಯಲ್ಲಿ ಹೇಳಿ, ಆಮೇಲೆ ದನಿ ಇಳಿಸಿ. ಆ ಮೂರು ಪದ ಅವರ ಮಾತಿನಿಂದಲೇ ಹುಟ್ಟಿದ್ದಾದರೆ ಅವರು ತಾನಾಗಿಯೇ ನಿಲ್ಲುತ್ತಾರೆ. ತಮ್ಮ ಮಾತಿನ ಬಗ್ಗೆ ಇನ್ನೊಬ್ಬರು ಏನು ಹೇಳುತ್ತಾರೆ ಅಂತ ಕೇಳಲು ಎಲ್ಲರಿಗೂ ಆಸೆ.

ನಿಮ್ಮನ್ನು ಯಾರಾದರೂ ತುಂಡು ಮಾಡಿದರೆ ಮುಖ ಸಣ್ಣ ಮಾಡಬೇಡಿ, ದನಿ ಏರಿಸಬೇಡಿ. ‘ಹತ್ತು ಸೆಕೆಂಡಿನಲ್ಲಿ ಮುಗಿಸುತ್ತೇನೆ’ ಅನ್ನಿ, ಹತ್ತು ಸೆಕೆಂಡಿನಲ್ಲೇ ಮುಗಿಸಿ. ಹುಡುಗಿಯರ ಮಾತನ್ನು ತುಂಡು ಮಾಡುವುದು ಹೆಚ್ಚು ನಡೆಯುತ್ತದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮತ್ತೆ ಮತ್ತೆ ಹಾಗೆ ಮಾಡುವವರ ಹೆಸರಿನ ಮುಂದೆ ನಾವು ಬರೆದದ್ದು ಒಳ್ಳೆಯ ಮಾತಲ್ಲ ಅನ್ನುವುದನ್ನೂ ತಿಳಿದಿರಿ.

ಮಾತಾಡುವಾಗ ನಿಮ್ಮ ಕಣ್ಣು ಗುಂಪಿನ ಮೇಲಿರಲಿ. ಪರೀಕ್ಷಕರನ್ನು ನೋಡಿಕೊಂಡು ಮಾತಾಡುವವರು ತುಂಬಾ ಜನ. ನಾವು ಆಗ ಬೇಕೆಂದೇ ತಲೆ ತಗ್ಗಿಸಿ ಹಾಳೆ ನೋಡುತ್ತೇವೆ.

ಹಲಗೆ, ಹಗ್ಗ, ಮೈದಾನ

ಗುಂಪಿನಲ್ಲಿ ಅಳೆಯುವ ಕೆಲಸ ಅತ್ಯಂತ ವಿವರವಾಗಿ ನಡೆಯುವುದು ಸೇನಾಧಿಕಾರಿಗಳ ಆಯ್ಕೆಯಲ್ಲಿ, ಅಂದರೆ ಎಸ್‌ಎಸ್‌ಬಿಯಲ್ಲಿ. ಅದರ ಒಂದು ಕೇಂದ್ರ ಬೆಂಗಳೂರಿನಲ್ಲೇ ಇದೆ. ಐದು ದಿನದ ಪರೀಕ್ಷೆ. ಮೊದಲ ದಿನವೇ ಒಂದು ಮಸುಕಾದ ಚಿತ್ರವನ್ನು 30 ಸೆಕೆಂಡು ತೋರಿಸುತ್ತಾರೆ. ನಾಲ್ಕು ನಿಮಿಷದಲ್ಲಿ ಅದರ ಮೇಲೆ ಕಥೆ ಬರೆಯಬೇಕು. ಆಮೇಲೆ ಗುಂಪಿನಲ್ಲಿ ಕೂತು ಎಲ್ಲರೂ ತಮ್ಮ ಕಥೆ ಹೇಳಿ, ಚರ್ಚಿಸಿ, ಒಂದು ಸಾಮಾನ್ಯ ಕಥೆಗೆ ಬರಬೇಕು. ಆ ದಿನವೇ ಬಹಳ ಜನ ಮನೆಗೆ ವಾಪಸ್. ತಮ್ಮ ಕಥೆಯೇ ಗೆಲ್ಲಬೇಕು ಅಂತ ಹಟ ಹಿಡಿದು ಕೂಗಾಡಿದರೆ ಗುಂಪು ಎಲ್ಲಿಗೂ ತಲುಪುವುದಿಲ್ಲ.

ಮುಂದೆ ಮೈದಾನದ ಕೆಲಸಗಳು. ಒಂದು ಹಲಗೆ, ಒಂದು ಮರದ ದಿಮ್ಮಿ, ಒಂದು ಹಗ್ಗ ಕೊಟ್ಟು, ನೆಲಕ್ಕೆ ಕಾಲು ತಾಗಿಸದೆ ಗುಂಪಿಗೆ ಗುಂಪೇ ಅಡೆತಡೆಗಳನ್ನು ದಾಟಬೇಕು. ಕೆಂಪು ಬಣ್ಣ ಬಳಿದ ಜಾಗ ಮುಟ್ಟುವಂತಿಲ್ಲ. ಇಲ್ಲಿ ಮಾತಿನ ಮಲ್ಲರ ಆಟ ನಡೆಯುವುದಿಲ್ಲ, ಹಲಗೆ ಎಲ್ಲಿ ಕೂರಬೇಕೋ ಅಲ್ಲೇ ಕೂರಬೇಕು. ಉಪಾಯ ಹೊಳೆದವನು ಹೇಳುತ್ತಾನೆ, ಹೊಳೆಯದವನು ಹಲಗೆಯ ತುದಿಯ ಮೇಲೆ ಭಾರ ಹಾಕಿ ನಿಂತು ಉಳಿದವರನ್ನು ದಾಟಿಸುತ್ತಾನೆ. ಅವನೂ ಕೆಲಸದಲ್ಲಿದ್ದಾನೆ. ಇನ್ನೊಬ್ಬರ ಉಪಾಯ ತನ್ನದಕ್ಕಿಂತ ಚೆನ್ನಾಗಿದೆ ಅಂತ ಕಂಡ ಕೂಡಲೇ ತನ್ನದನ್ನು ಬಿಟ್ಟು ಅದಕ್ಕೆ ಕೈ ಹಾಕುವವರನ್ನು ನಾನು ಯಾವ ಕೆಲಸಕ್ಕಾದರೂ ಕಣ್ಣು ಮುಚ್ಚಿ ತಗೊಳ್ಳುತ್ತೇನೆ.

ಕಂಪನಿಗಳು ಕೋಣೆಯೊಳಗೇ ಇಂಥ ಆಟ ಆಡಿಸುತ್ತವೆ. ಹಳೆಯದೊಂದು ಆಟ ಹೀಗಿದೆ: ನಿಮ್ಮ ನೌಕೆ ಚಂದ್ರನ ಮೇಲೆ ಕೆಟ್ಟು ನಿಂತಿದೆ, ಕೈಯಲ್ಲಿ 15 ವಸ್ತುಗಳಿವೆ, ಯಾವುದು ಹೆಚ್ಚು ಮುಖ್ಯ ಅಂತ ಕ್ರಮದಲ್ಲಿ ಜೋಡಿಸಿ. ಮೊದಲು ಒಬ್ಬೊಬ್ಬರೇ, ಆಮೇಲೆ ಗುಂಪಾಗಿ. ಬೆಂಕಿಪೆಟ್ಟಿಗೆ ಕೊನೆಗೆ ಬರಬೇಕು, ಏಕೆಂದರೆ ಅಲ್ಲಿ ಗಾಳಿಯಿಲ್ಲ, ಕಡ್ಡಿ ಹತ್ತುವುದಿಲ್ಲ. ದಿಕ್ಸೂಚಿಯೂ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಆಮ್ಲಜನಕ ಮೊದಲು, ನೀರು ಆಮೇಲೆ. ಇಂಥ ಕಡೆ ಕೈ ಎತ್ತಿಸಿ ಓಟು ಹಾಕಿಸುವ ಗುಂಪು ಸುಲಭದ ದಾರಿ ಹಿಡಿದಿದೆ ಅಂತ ಅರ್ಥ. ‘ದಿಕ್ಸೂಚಿ ಯಾಕೆ ಮೇಲೆ ಇಟ್ಟಿರಿ?’ ಅಂತ ಕೇಳುವವರು ಬೇಕು. ಹತ್ತು ಜನರಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುವ ವಿಷಯ ಹೊರಗೆ ಬರುವುದು ಆ ‘ಯಾಕೆ’ಯಿಂದ.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಅನಿತಾ ವೂಲಿ ಮತ್ತು ಅವರ ಜೊತೆಗಾರರು 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 699 ಜನ ಸಣ್ಣ ಸಣ್ಣ ಗುಂಪುಗಳಲ್ಲಿ ಕೆಲಸ ಮಾಡಿದ್ದರು. ಗುಂಪಿನಲ್ಲಿ ಒಬ್ಬ ಮಹಾ ಬುದ್ಧಿವಂತ ಇದ್ದಾನೆಯೇ ಅನ್ನುವುದಕ್ಕಿಂತ, ಎಲ್ಲರಿಗೂ ಮಾತಿನ ಸರದಿ ಸಿಗುತ್ತಿದೆಯೇ, ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯುತ್ತಿದೆಯೇ ಅನ್ನುವುದು ಗುಂಪಿನ ಸಾಮರ್ಥ್ಯಕ್ಕೆ ಹೆಚ್ಚು ಹತ್ತಿರವಾಗಿತ್ತು.

ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದಾಗ

ಕೆಲವು ಕಡೆ ಚರ್ಚೆ ಇರುವುದಿಲ್ಲ. ಐದಾರು ಜನರನ್ನು ಸಾಲಾಗಿ ಕೂರಿಸಿ ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳುತ್ತಾರೆ. ಅಂಗಡಿ, ಹೋಟೆಲು, ವಿಮಾನದ ಸಿಬ್ಬಂದಿ, ಹೀಗೆ ಗ್ರಾಹಕರ ಜೊತೆ ಬೆರೆಯುವ ಕೆಲಸಗಳಲ್ಲಿ ಇದು ಹೆಚ್ಚು. ನೀವು ಐದನೆಯವರು. ‘ಈ ಕೆಲಸ ಯಾಕೆ ಬೇಕು?’ ಅಂದರೆ ನಿಮ್ಮ ಉತ್ತರವನ್ನು ಎರಡನೆಯವರೇ ಹೇಳಿಬಿಟ್ಟಿದ್ದಾರೆ. ಗಾಬರಿ ಬೇಡ. ‘ಅವರು ಹೇಳಿದ್ದೇ ನನ್ನದೂ’ ಅಂತ ಹೇಳಿ ನಿಲ್ಲಿಸದೆ ನಿಮ್ಮ ಬದುಕಿನ ಒಂದು ಘಟನೆ ಸೇರಿಸಿ. ‘ಜನರ ಜೊತೆ ಮಾತಾಡುವುದು ಇಷ್ಟ’ ಅಂತ ಐದೂ ಜನ ಹೇಳಬಹುದು. ರಜೆಯಲ್ಲಿ ಮಾವನ ಬಟ್ಟೆ ಅಂಗಡಿಯಲ್ಲಿ ಕೂತಿದ್ದಾಗ ಸೀರೆ ವಾಪಸ್ ತಂದು ರೇಗಾಡಿದ ಒಬ್ಬ ಅಜ್ಜಿಯನ್ನು ಸಮಾಧಾನ ಮಾಡಿದ್ದು ನಿಮ್ಮೊಬ್ಬರದೇ. ಇಂಥ ಎರಡು ಮೂರು ಘಟನೆಗಳನ್ನು ಮನೆಯಲ್ಲೇ ನೆನಪು ಮಾಡಿಕೊಂಡು ಹೋಗಿ.

ಜಿಡಿ ಆನ್‌ಲೈನ್ ಆಗಿದ್ದರೆ ನೆಟ್‌ವರ್ಕಿನ ತಡ ನೆನಪಿರಲಿ. ಒಬ್ಬರು ಮುಗಿಸಿದ ಮೇಲೆ ಒಂದು ಸೆಕೆಂಡು ಬಿಟ್ಟು ಶುರು ಮಾಡಿ, ಇಲ್ಲದಿದ್ದರೆ ಎರಡು ದನಿ ಡಿಕ್ಕಿ ಹೊಡೆಯುತ್ತವೆ. ಮಾತಾಡದಾಗ ಮ್ಯೂಟ್.

ಹುಣಸೆ ಬೀಜದ ಅಭ್ಯಾಸ

ಜಿಡಿಯನ್ನು ಒಬ್ಬರೇ ಕೂತು ಓದಿ ಕಲಿಯಲು ಆಗುವುದಿಲ್ಲ. ಏಳೆಂಟು ಗೆಳೆಯರು ಬೇಕು. ನಮ್ಮ ತರಬೇತಿಯಲ್ಲಿ ಮಾಡಿಸುವುದು ಹೀಗೆ. ಪ್ರತಿಯೊಬ್ಬರ ಕೈಗೂ ನಾಲ್ಕು ಹುಣಸೆ ಬೀಜ. ಒಂದು ಸಲ ಮಾತಾಡಿದರೆ ಒಂದು ಬೀಜ ನಡುವೆ ಇಡಬೇಕು. ಬೀಜ ಖಾಲಿಯಾದವರು ಮತ್ತೆ ಮಾತಾಡುವಂತಿಲ್ಲ. ಸಮಯ ಮುಗಿದಾಗ ಯಾರ ಕೈಯಲ್ಲೂ ಬೀಜ ಉಳಿದಿರಬಾರದು. ವಾಚಾಳಿಗಳಿಗೆ ಮೂರೇ ನಿಮಿಷದಲ್ಲಿ ಬೀಜ ಮುಗಿದು, ಉಳಿದ ಹೊತ್ತು ಸುಮ್ಮನೆ ಕೂರಬೇಕಾಗುತ್ತದೆ. ಆಮೇಲಿನ ಸುತ್ತಿನಿಂದ ಅವರು ಒಂದೊಂದು ಮಾತನ್ನೂ ತೂಗಿ ಆಡುತ್ತಾರೆ. ಸಂಕೋಚದವರು ಅಂಗೈ ಬಿಸಿಯಾಗುವ ಹಾಗೆ ಬೀಜ ಹಿಡಿದುಕೊಂಡು ಕೊನೆಗೆ ಹೇಗಾದರೂ ಬಾಯಿ ತೆರೆಯುತ್ತಾರೆ.

ಎರಡನೇ ವಾರ ಒಂದು ನಿಯಮ ಸೇರಿಸುತ್ತೇವೆ: ನಿಮ್ಮ ಮಾತು ಶುರು ಮಾಡುವ ಮೊದಲು ಹಿಂದಿನವರು ಹೇಳಿದ್ದನ್ನು ಒಂದೇ ವಾಕ್ಯದಲ್ಲಿ ಹೇಳಬೇಕು, ಅವರು ‘ಹೌದು, ಅದನ್ನೇ ಹೇಳಿದ್ದು’ ಅನ್ನಬೇಕು. ಮೊದಲ ದಿನ ಅರ್ಧಕ್ಕರ್ಧ ಜನರಿಗೆ ಇದು ಆಗುವುದಿಲ್ಲ. ತಮ್ಮ ಪಾಯಿಂಟ್ ಕಟ್ಟಿಕೊಳ್ಳುವುದರಲ್ಲಿ ಮುಳುಗಿ ಪಕ್ಕದವರ ಮಾತು ಕೇಳಿರುವುದೇ ಇಲ್ಲ. ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ರಾತ್ರಿ ಒಟ್ಟಿಗೆ ಕೂತು ನೋಡಿ. ಕಾಲು ಅಲ್ಲಾಡಿಸುವುದು, ಪೆನ್ನು ಟಿಕ್ ಟಿಕ್ ಅನ್ನಿಸುವುದು, ಬೆರಳು ತೋರಿಸಿ ಮಾತಾಡುವುದು ಯಾರೂ ಹೇಳದೆಯೇ ಕಾಣುತ್ತವೆ.

ಈ ಅಭ್ಯಾಸದ ಫಲ ಜಿಡಿ ಮುಗಿದ ಮೇಲೂ ಸಿಗುತ್ತದೆ. ಮುಂದಿನ ಸುತ್ತಿನಲ್ಲಿ ನಾವು ಒಬ್ಬೊಬ್ಬರನ್ನೇ ಕರೆದು ಕೇಳುತ್ತಿದ್ದ ಪ್ರಶ್ನೆ ಒಂದಿತ್ತು: ‘ನಿಮ್ಮ ಗುಂಪಿನಲ್ಲಿ ಯಾರನ್ನು ತಗೋಬೇಕು, ಯಾಕೆ?’ ಹೆಚ್ಚಿನವರು ತಡವರಿಸುತ್ತಾರೆ, ಇಲ್ಲವೇ ತಮ್ಮ ಹೆಸರನ್ನೇ ಹೇಳುತ್ತಾರೆ. ಒಂದು ಸಲ ಒಂದು ಡಿಗ್ರಿ ಕಾಲೇಜಿನ ಹುಡುಗಿ ಸ್ವಲ್ಪ ಯೋಚಿಸಿ, ಗುಂಪಿನ ಮೂವರ ಹೆಸರು ಹೇಳಿದಳು. ಒಬ್ಬರು ಯಾವ ಉದಾಹರಣೆ ಕೊಟ್ಟರು, ಇನ್ನೊಬ್ಬರು ಯಾವಾಗ ಜಗಳ ನಿಲ್ಲಿಸಿದರು, ಮೂರನೆಯವರ ಯಾವ ಮಾತಿನಿಂದ ತನ್ನ ಅಭಿಪ್ರಾಯ ಬದಲಾಯಿತು ಅಂತ ಬಿಡಿಸಿ ಹೇಳಿದಳು. ಅವಳೇ ಮಾತಾಡಿದ್ದು ಮೂರು ಸಲ, ಒಟ್ಟು ಒಂದು ನಿಮಿಷ ಇರಬಹುದು. ಅವಳು ಹೊರಗೆ ಹೋದ ಮೇಲೆ ನಾವಿಬ್ಬರೂ ಪರೀಕ್ಷಕರು ನಮ್ಮ ಹಾಳೆ ತೆಗೆದು ನೋಡಿದೆವು. ಅವಳು ಹೇಳಿದ ಮೂರು ಹೆಸರೂ ನಮ್ಮ ಪಟ್ಟಿಯಲ್ಲಿದ್ದವು. ನಾಲ್ಕನೆಯದು ಅವಳದು.